ನಲವತ್ತಾರು ಹೊಲ, ಒಂದು ತಗಡಿನ ಚಾವಣಿ

ಬಂಕಾಪುರದ ಹತ್ತಿರ ಹೆದ್ದಾರಿ ಬದಿಯ ಮಂಗಲ ಕಾರ್ಯಾಲಯದಲ್ಲಿ ನಡೆದ ಆ ಸಮಾವೇಶದ ಪ್ರವೇಶಕ್ಕೆ ಎರಡು ಸಾವಿರ ರೂಪಾಯಿ ಇಟ್ಟಿದ್ದರು. ನಾನು ಫೋನಿನಲ್ಲೇ ಚೌಕಾಸಿ ಮಾಡಿ ಅದನ್ನು ಸೊನ್ನೆಗೆ ಇಳಿಸಿದೆ. ಅದರ ಮೇಲೆ ಅವರಿಂದಲೇ ಹೋಗಿ ಬರುವ ಡೀಸೆಲ್, ಎರಡು ಹೊತ್ತಿನ ಊಟ, ಮುಂದಿನ ಸಾಲಿನಲ್ಲಿ ಕುರ್ಚಿ, ಕೈಗೊಂದು ಚೀಲ. ಹೀಗೆ ಪುಕ್ಕಟೆ ಹೋಗಿ ಕುಳಿತ ಒಂದೂವರೆ ತಾಸಿನ ಉದ್ಘಾಟನಾ ಗೋಷ್ಠಿಗೆ ಕೊನೆಗೆ ತೆತ್ತದ್ದು ಮೂವತ್ತೆಂಟು ಮನೆಗಳವರು ಒಂದು ಹಂಗಾಮು ಪೂರ್ತಿ ದುಡಿದು ತೆಗೆದ ಮೆಣಸಿನಕಾಯಿ ಬೀಜ. ಯಾಕೆ ತೆರಬೇಕಾಯಿತು ಎಂದರೆ, ನಾನು ಹೋಗಬೇಕಾಗಿದ್ದ ಹೊಲಗಳಿಗೆ ಹೋಗಿರಲಿಲ್ಲ. ಹೋಗಿ ನೋಡಿ ಬಂದೆ ಎಂದು ಸಹಿ ಮಾತ್ರ ಮಾಡಿದ್ದೆ.

ನನ್ನ ಕೆಲಸಕ್ಕೆ ಹಿರೇಕೆರೂರು ಕಡೆ ಆರ್ಗನೈಸರ್ ಎನ್ನುತ್ತಾರೆ. ಬೀಜದ ಕಂಪನಿ ಗಂಡು ತಳಿ, ಹೆಣ್ಣು ತಳಿಯ ಪೊಟ್ಟಣಗಳನ್ನು ನನ್ನ ಕೈಗೆ ಕೊಡುತ್ತದೆ. ನಾನು ರೈತರಿಗೆ ಹಂಚುತ್ತೇನೆ. ಹೂ ಬಿಡುವ ಕಾಲಕ್ಕೆ ಹೆಣ್ಣು ಗಿಡದ ಮೊಗ್ಗನ್ನು ಸಂಜೆ ಬಿಡಿಸಿ ಅದರ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸಬೇಕು, ಮುಟ್ಟಿಸಿದ ಹೂವಿನ ತೊಟ್ಟಿಗೆ ಬಣ್ಣದ ದಾರ ಕಟ್ಟಬೇಕು. ಇದಕ್ಕೆ ನಾವು ಕ್ರಾಸಿಂಗ್ ಎನ್ನುತ್ತೇವೆ. ದಾರವಿರುವ ಕಾಯಿಯ ಬೀಜ ಮಾತ್ರ ಬೀಜ, ಉಳಿದದ್ದು ಬರೀ ಮೆಣಸಿನಕಾಯಿ. ಇಷ್ಟೆಲ್ಲ ಮಾಡಿದರೂ ಇನ್ನೂರು ಮೀಟರಿನ ಒಳಗೆ ಬೇರೆ ಯಾರಾದರೂ ಮೆಣಸಿನಕಾಯಿ ಹಚ್ಚಿದ್ದರೆ ಗಾಳಿ, ನೊಣ ಎಲ್ಲ ಸೇರಿ ತಳಿ ಕಲಬೆರಕೆ ಮಾಡುತ್ತವೆ. ಅದಕ್ಕೇ ಹೂವಿನ ಕಾಲದಲ್ಲಿ ಆರ್ಗನೈಸರ್ ಪ್ರತಿ ಹೊಲಕ್ಕೂ ಹೋಗಿ, ಸುತ್ತ ನಾಲ್ಕು ದಿಕ್ಕು ನೋಡಿ, ಅಂತರ ಸರಿಯಿದೆ ಎಂದು ಹಾಳೆಯಲ್ಲಿ ಸಹಿ ಮಾಡಬೇಕು. ಅದಕ್ಕೆ ಹೊಲಕ್ಕಿಷ್ಟು ಎಂದು ತಿರುಗಾಟದ ಭತ್ಯೆಯೂ ಇದೆ. ನಾನು ಕಂಪನಿಯ ಜೊತೆ ಜಗ್ಗಾಡಿ ಆ ಭತ್ಯೆಯನ್ನು ಹಂಗಾಮಿನ ಮೊದಲಿಗೇ ಒಟ್ಟಿಗೆ ಇಸಿದುಕೊಂಡಿದ್ದೆ. ಮೊದಲೇ ಕೈಗೆ ಬಂದ ಭತ್ಯೆ ಮನುಷ್ಯನನ್ನು ತಿರುಗಿಸುವುದಿಲ್ಲ, ಕೂರಿಸುತ್ತದೆ. ಇದು ನನಗೆ ಆಮೇಲೆ ತಿಳಿದದ್ದು.

ಆ ವರ್ಷ ಕಂಪನಿಯವರು ಹೊಸದೊಂದು ಹಚ್ಚಿದರು. ವ್ಯಾಪಾರದ ಸಾಫ್ಟ್‌ವೇರ್ ಮಾಡುವ ಬೇರೊಂದು ಸಂಸ್ಥೆಯಿಂದ ಆಪ್ ಮಾಡಿಸಿ, ಪ್ರತಿ ಹೊಲವನ್ನೂ ಫೋನಿನಲ್ಲೇ ನೋಂದಾಯಿಸಿ ಎಂದರು. ರೈತನ ಹೆಸರು, ಸರ್ವೆ ನಂಬರು, ನಾಟಿಯ ದಿನ, ಎಷ್ಟು ಸಾಲು ಗಂಡು, ಎಷ್ಟು ಸಾಲು ಹೆಣ್ಣು. ತುಂಬಿ 'ಸೇವ್' ಒತ್ತಿದರೆ ಒಂದು ಸಣ್ಣ ವೃತ್ತ ಸ್ವಲ್ಪ ಹೊತ್ತು ಗಿರಗಿರ ತಿರುಗಿ ನಿಲ್ಲುತ್ತಿತ್ತು. ನೆಟ್‌ವರ್ಕ್ ಜೀವ ತಿನ್ನುತ್ತದೆ ಎಂದು ನಾನು ಅದಕ್ಕೆ ಬೈಯುತ್ತಿದ್ದೆ.

ನಮ್ಮಲ್ಲಿ ಯಾವುದೇ ಬರಹದ ಕೆಲಸ ಆಗುವುದು ಸಂತೆಯ ದಿನ. ಊರಿನವರು ಹೇಗೂ ಸಂತೆಗೆ ಬರುತ್ತಾರೆ, ಕೈಚೀಲದಲ್ಲಿ ಉತಾರದ, ಅಂದರೆ ಪಹಣಿಯ, ಝೆರಾಕ್ಸ್ ತರುತ್ತಾರೆ, ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾರೆ, ಚಹಾ ಕುಡಿಯುತ್ತಾ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಬೀಜ, ಗೊಬ್ಬರ, ವಿಮೆ ಎಲ್ಲ ಹೀಗೇ ಆದದ್ದು. ಇದೂ ಹಾಗೇ ಆಯಿತು. ಬೇರೆ ತಾಲ್ಲೂಕಿನ ಆರ್ಗನೈಸರುಗಳು ತಿಂಗಳುಗಟ್ಟಲೆ ಹೊಲ ಹೊಲ ತಿರುಗಿ ಒದ್ದಾಡುತ್ತಿದ್ದಾಗ ನಾನು ಎರಡು ಸಂತೆಯಲ್ಲಿ ನಲವತ್ತಾರು ಹೊಲ ಮುಗಿಸಿ ಬೆನ್ನು ತಟ್ಟಿಸಿಕೊಂಡೆ.

ಹಾಗೆ ಬಂದು ಕುಳಿತವರಲ್ಲಿ ಒಬ್ಬ ಹೆಣ್ಣುಮಗಳಿದ್ದರು. ಅವರ ಹೊಲ ಡಾಂಬರು ರಸ್ತೆ ಬಿಟ್ಟು ಹಳ್ಳ ದಾಟಿ ನಡೆದು ಹೋಗುವಷ್ಟು ಒಳಗೆ. ಊರಲ್ಲೂ ನನ್ನ ಪಟ್ಟಿಯಲ್ಲೂ ಅವರು 'ಹಳ್ಳದಾಚೆ ಅಕ್ಕಾರು'. ಅಂತರದ ವಿಷಯ ಹೇಳಿದಾಗ ಅವರು ಒಂದು ಮಾತು ಹೇಳಿದ್ದರು.

"ಬಾಜೂ ಹೊಲದಾಂವ ಮೆಣಸಿನಕಾಯಿ ಹಚ್ಚಾಂವ ಇದ್ದ ಅಣ್ಣಾರ. ನನ್ನ ಬೋರಿನ ನೀರು ವಾರಕ್ಕ ಎರಡು ಪಾಳಿ ಕೊಡ್ತೇನಿ, ಗೋವಿನಜೋಳ ಹಾಕಪ ಅಂದೆ. ಹಾಕ್ಯಾನ. ನನ್ನ ಗಿಡಕ್ಕ ನೀರು ಕಮ್ಮಿ ಬೀಳ್ತೈತಿ, ಬೀಳ್ಲಿ ಬಿಡ್ರಿ. ಬೀಜ ಮಾತ್ರ ಚೊಕ್ಕ ಬರ್ಬೇಕು."

"ಭಾರೀ ಶಾಣ್ಯಾರ ಅದೀರಿ ಅಕ್ಕಾರ" ಎಂದು ನಾನು ಮುಂದಿನವರ ಹೆಸರು ಕೇಳಲು ತಿರುಗಿದ್ದೆ. ಚೌಕಾಸಿಯಲ್ಲಿ ಇವರು ನನಗಿಂತ ಒಂದು ಕೈ ಮೇಲೆ ಎಂದು ಅನ್ನಿಸಿದ್ದು ನಿಜ. ಹೂವಿನ ಕಾಲ ಬಂದಾಗ ರಸ್ತೆ ಬದಿಯ ಎಂಟು ಹೊಲಗಳಲ್ಲಿ ಗಾಡಿ ನಿಲ್ಲಿಸಿ ನೋಡಿದೆ. ಉಳಿದ ಮೂವತ್ತೆಂಟಕ್ಕೆ ಅಂಗಡಿಯಲ್ಲಿ ಕುಳಿತು ಸಹಿ ಮಾಡಿದೆ, ಹೊಲ ನೋಡಿದ್ದಕ್ಕೆ ರೈತರಿಗೆ ಕೊಡುವ ಚೀಟಿಗಳನ್ನು ಸಂತೆಯಲ್ಲಿ ಹಂಚಿದೆ.

ಕಾಯಿ ಕೆಂಪಾದವು, ಬೀಜ ತೆಗೆದು ಒಣಗಿಸಿ ಚೀಲಕ್ಕೆ ತುಂಬಿ ರೈತರು ನನ್ನ ಗೋದಾಮಿಗೆ ತಂದಿಟ್ಟರು. ಮುಂದಿನ ವಾರ ಕಂಪನಿಯ ಲಾರಿ ಬರುವುದಿತ್ತು. ಆಗ ಬಂತು ಸಾಫ್ಟ್‌ವೇರ್ ಸಂಸ್ಥೆಯ ಫೋನು. ಬಂಕಾಪುರದ ಹತ್ತಿರ ಸಮಾವೇಶ ಇಟ್ಟುಕೊಂಡಿದ್ದೇವೆ, ಆಪಿನ ಹೊಸ ಆವೃತ್ತಿ ಬಿಡುಗಡೆ, ಎಲ್ಲರಿಗಿಂತ ಬೇಗ ನೋಂದಣಿ ಮುಗಿಸಿದವರು ನೀವು, ಉದ್ಘಾಟನೆಗೆ ನೀವಿರಲೇಬೇಕು ಎಂದರು. ಇರಲೇಬೇಕು ಎಂದವರ ಹತ್ತಿರ ಬೆಲೆ ಇಳಿಸುವುದು ಸುಲಭ. ಆ ಚೌಕಾಸಿಯ ಕಥೆ ಮೊದಲೇ ಹೇಳಿದೆ.

ಬೆಳಿಗ್ಗೆ ಹಾನಗಲ್ ದಾಟಿ ಬಂಕಾಪುರದ ರಸ್ತೆ ಹಿಡಿದೆ. ಕಾರ್ಯಾಲಯದಲ್ಲಿ ಹಿಂದಿನ ದಿನ ಮದುವೆಯಾಗಿತ್ತು. ವೇದಿಕೆಯ ಹಿಂದಿನ ಪರದೆಯಲ್ಲಿ ವಧುವರರ ಹೆಸರಿನ ಥರ್ಮೋಕೋಲ್ ಅಕ್ಷರ ಕಿತ್ತ ಗುರುತು ಹಾಗೇ ಇತ್ತು, ಅದರ ಮೇಲೆ ಸಂಸ್ಥೆಯ ಬ್ಯಾನರು. ಬೆಳಕಿಗೆ ಪರದೆಯ ಮೇಲಿನ ಚಿತ್ರ ಕಾಣುವುದಿಲ್ಲವೆಂದು ಕಿಟಕಿಗಳಿಗೆ ಮದುವೆಯ ಗುಲಾಬಿ ಬಟ್ಟೆಯನ್ನೇ ಕಟ್ಟಿದ್ದರು. ಕುಳಿತವರ ಮುಖವೆಲ್ಲ ಗುಲಾಬಿ. ಉಪ್ಪಿಟ್ಟು, ಶಿರಾ ತಿಂದು, ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತೆ. ಹಿಂದಿನ ಸಾಲಿನಲ್ಲಿ ನಮ್ಮ ಬೀಜದ ಕಂಪನಿಯ ಗುಣಮಟ್ಟದ ಅಧಿಕಾರಿ ಇದ್ದರು. ಧಾರವಾಡದ ಕಡೆಯವರು, ಮಾತು ಕಡಿಮೆ. ನಮಸ್ಕಾರ ಮಾಡಿದೆ, ತಲೆ ಆಡಿಸಿದರು.

ದೀಪದ ಬತ್ತಿಗಳಿಗೆ ಎಣ್ಣೆ ಹತ್ತಿರಲಿಲ್ಲ. ಹಚ್ಚಿ ಹಚ್ಚಿ ಸಾಕಾಗಿ ಮುಖ್ಯ ಅತಿಥಿಗಳು ಒಂದೇ ಬತ್ತಿಗೆ ಮುಗಿಸಿದರು. ಸ್ವಾಗತ, ಸನ್ಮಾನ, ದೊಡ್ಡವರ ಎರಡು ಭಾಷಣ. ಆಮೇಲೆ ಬೆಂಗಳೂರಿನಿಂದ ಬಂದಿದ್ದ ಸಂಸ್ಥೆಯ ಹೆಣ್ಣುಮಗಳೊಬ್ಬರು ಮೈಕು ಹಿಡಿದರು. ಚುರುಕು ಮಾತು, ಬೇಸರ ಬರಿಸದಂತೆ ಹೇಳುತ್ತಿದ್ದರು.

"ಇಷ್ಟು ದಿನ ನಿಮ್ಮ ನೋಂದಣಿ ಬರೀ ಪಟ್ಟಿಯಾಗಿ ಕಾಣ್ತಿತ್ತು. ಇವತ್ತಿಂದ ಅದು ನಕ್ಷೆ ಮೇಲೆ ಕಾಣುತ್ತೆ. ನೀವು ಸೇವ್ ಒತ್ತಿದ ಕ್ಷಣದಲ್ಲೇ ನಿಮ್ಮ ಫೋನು ಎಲ್ಲಿತ್ತು ಅಂತ ಆಪ್ ಮೊದಲಿಂದಲೂ ಬರ್ಕೊಂಡಿದೆ. ಹಿರೇಕೆರೂರಿನ ಹೊಲಗಳನ್ನೇ ನೋಡೋಣ ಬನ್ನಿ."

ನನ್ನ ಹೆಸರು ಪರದೆಯ ಮೇಲೆ ಬಂತು. ಚಪ್ಪಾಳೆ. ನಾನು ಎದ್ದು ಕೈ ಮುಗಿದು ಕುಳಿತೆ. ಕೂರುವಷ್ಟರಲ್ಲಿ ಆ ತಿರುಗುವ ವೃತ್ತ ನೆನಪಾಯಿತು. ಅದು ನೆಟ್‌ವರ್ಕಿಗೆ ಕಾಯುತ್ತಿರಲಿಲ್ಲ, ನಾನು ಎಲ್ಲಿದ್ದೇನೆ ಎಂದು ಹುಡುಕುತ್ತಿತ್ತು.

ಪರದೆಯಲ್ಲಿ ರಾಜ್ಯ ಬಂತು, ಜಿಲ್ಲೆ ಬಂತು, ತಾಲ್ಲೂಕು ಬಂತು. ತಾಲ್ಲೂಕಿನ ತುಂಬ ಚೆಲ್ಲಿರಬೇಕಾಗಿದ್ದ ಚುಕ್ಕೆಗಳ ಬದಲು ಒಂದೇ ಕೆಂಪು ವೃತ್ತ, ಅದರೊಳಗೆ ನಲವತ್ತಾರು ಎಂಬ ಸಂಖ್ಯೆ. ಅವರು ಇನ್ನೂ ಹತ್ತಿರ ಮಾಡಿದರು. ವೃತ್ತ ಒಡೆಯಲಿಲ್ಲ. ಇನ್ನೂ ಹತ್ತಿರ. ಬಸ್ ನಿಲ್ದಾಣ ಕಂಡಿತು, ಅದರ ಎದುರಿನ ಅಂಗಡಿ ಸಾಲು ಕಂಡಿತು, ಒಂದು ತಗಡಿನ ಚಾವಣಿ ಕಂಡಿತು. ಅದರ ಮೇಲೆ ಇಟ್ಟ ನೀಲಿ ನೀರಿನ ಟಾಕಿಯೂ ಕಂಡಿತು. ಆ ಟಾಕಿಯನ್ನು ನಾನೇ ಚೌಕಾಸಿ ಮಾಡಿ ಕೊಂಡಿದ್ದೆ. ಚುಕ್ಕೆಗಳೆಲ್ಲ ಅದರ ಸುತ್ತ ಒಂದರ ಮೇಲೊಂದು ಬಿದ್ದಿದ್ದವು.

ಹಿಂದಿನಿಂದ ಯಾರೋ, "ತಗಡಿನ ಮ್ಯಾಲೆ ಮೆಣಸಿನಕಾಯಿ ಬೆಳ್ಯಾಕತ್ತಾರ ನೋಡ್ರಿ, ಭಾರೀ ತಳಿ" ಎಂದರು. ಸಭೆಯೆಲ್ಲ ನಕ್ಕಿತು.

"ಏನೋ ತಾಂತ್ರಿಕ ದೋಷ ಇರಬೇಕು, ಕ್ಷಮಿಸಿ" ಎಂದು ಆ ಹೆಣ್ಣುಮಗಳು ಬೇರೆ ಜಿಲ್ಲೆಯ ನಕ್ಷೆಗೆ ಹೋದರು. ನಾನೂ ನಕ್ಕಂತೆ ಮಾಡಿ ಹಿಂದೆ ತಿರುಗಿ ನೋಡಿದೆ. ಅಧಿಕಾರಿ ನಕ್ಕಿರಲಿಲ್ಲ. ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಏನೋ ಬರೆಯುತ್ತಿದ್ದರು.

ಚಹಾದ ವಿರಾಮದಲ್ಲಿ ಆ ಹೆಣ್ಣುಮಗಳೇ ನನ್ನನ್ನು ಹುಡುಕಿಕೊಂಡು ಬಂದರು. ಏನಾಗಿದೆಯೆಂದು ಅವರಿಗೆ ತಿಳಿದುಹೋಗಿತ್ತು. ಅವರಿಗೂ ಮುಖ ಉಳಿಸಿಕೊಳ್ಳುವುದಿತ್ತು.

"ಸರ್, ಹೊಲಗಳ ಸರ್ವೆ ನಂಬರ್ ನಮ್ಮ ಹತ್ರ ಇದೆ. ಕೆಲವು ಸರಿಯಾಗಿ ತುಂಬಿಲ್ಲ, ಅವನ್ನ ಫೋನಲ್ಲಿ ಕೇಳಿ ಹೇಳಿ. ನಮ್ಮ ಕಡೆಯಿಂದಲೇ ಚುಕ್ಕೆಗಳನ್ನ ಸರಿಸ್ತೀವಿ. ಊಟದ ಹೊತ್ತಿಗೆ ಎಲ್ಲಾ ಸರಿ ಕಾಣುತ್ತೆ. ದೋಷ ನಮ್ಮದು ಅಂತಲೇ ಹೇಳ್ತೀವಿ."

ನಾನು ಕೇಳಿದ ಮೊದಲ ಪ್ರಶ್ನೆ, ಇದಕ್ಕೆ ಬೇರೆ ಚಾರ್ಜ್ ಇದೆಯೇ ಎಂದು. ಇಲ್ಲ ಎಂದರು. ಹಾಗಾದರೆ ಒಳ್ಳೆಯ ವ್ಯವಹಾರವೇ ಎಂದುಕೊಂಡೆ. ಸರಿಯಾಗಿ ತುಂಬದ ನಂಬರುಗಳ ಪೈಕಿ ಮೊದಲನೆಯದು ಹಳ್ಳದಾಚೆ ಅಕ್ಕಾರದು. ಕೈ ತೊಳೆಯುವ ನಲ್ಲಿಗಳ ಹತ್ತಿರ ಹೋಗಿ ಫೋನು ಹಚ್ಚಿದೆ.

"ಹೇಳ್ರಿ ಅಣ್ಣಾರ. ಲಾರಿ ಬಂತೇನ್ರಿ?"

"ಇನ್ನೂ ಇಲ್ಲ. ನಿಮ್ಮ ಹೊಲದ ಸರ್ವೆ ನಂಬರ್ ಲಗೂನ ಹೇಳ್ರಿ ಅಕ್ಕಾರ. ಫೋನಿನ್ಯಾಗ ಹೊಲ ಸರಿಯಾಗಿ ಕುಂತಿಲ್ಲ."

"ಮತ್ತೆಲ್ಲಿ ಕುಂತೈತಿ?"

"ನನ್ನ ಅಂಗಡಿ ಮ್ಯಾಲೆ."

ಆ ಕಡೆಯಿಂದ ನಗು ಕೇಳಿತು. "ನೀವು ಹೊಲಕ್ಕ ಬರ್ಲಿಲ್ಲಂತ ಹೊಲಾನ ನಿಮ್ಮ ಅಂಗಡಿಗೆ ಬಂದೈತಿ ನೋಡ್ರಿ."

ಆಮೇಲೆ ದನಿ ಬದಲಾಯಿತು. "ಕುಂದರಸೂದು ಕುಂದರಸ್ರಿ, ಆದ್ರ ಹಳ್ಳದ ದಂಡಿಗೆ ನಮ್ಮಂಗ ಬೀಜ ಮಾಡಾಂವ ಒಬ್ಬ ಅದಾನಲ್ಲ, ಅವನ ಬೀಜ ನಂದು ಕೂಡಸಬ್ಯಾಡ್ರಿ. ಅವನ ಬದುವಿನ ಬಾಜೂಕ ಅವರ ಕಾಕಾ ಮನಿಖರ್ಚಿನ ಮೆಣಸಿನಕಾಯಿ ಹಚ್ಚಿದ್ದ. ಹೊಲಕ್ಕ ಹೋಗೂ ಮುಂದ ನಾ ದಿನಾ ನೋಡೇನಿ. ಒಂದೂರಿನ ಬೀಜ ಎಲ್ಲಾ ಒಂದ ರಾಶಿ ಮಾಡ್ತಾರಂತ. ನಂದಷ್ಟು ಬ್ಯಾರೆ ಇಡಸ್ರಿ."

"ಇದನ್ನ ಮೊದಲ ಯಾಕ ಹೇಳಲಿಲ್ಲ ಅಕ್ಕಾರ?"

"ಅವನ ಹೊಲ ನೋಡಿ ಬಂದೇನಿ ಅಂತ ನೀವು ಸಹಿ ಮಾಡಿ ಚೀಟಿ ಕೊಟ್ಟೀರಲ್ಲ. ನೋಡಿ ಬಂದವ್ರಿಗೆ ನಾ ಮತ್ತೇನು ತೋರಿಸ್ಲಿ?"

ನಂಬರು ಕೇಳಿಕೊಳ್ಳದೆ ಫೋನು ಇಟ್ಟೆ. ಬಂಕಾಪುರದ ಕೋಟೆಯ ಕಡೆಯಿಂದ ನವಿಲು ಕೂಗುತ್ತಿತ್ತು. ಚುಕ್ಕೆ ಸರಿಸಿದರೆ ಹಳ್ಳದ ದಂಡೆಯವನ ಬೀಜವೂ ಅಕ್ಕಾರ ಬೀಜವೂ ಒಂದೇ ರಾಶಿಗೆ ಬೀಳುತ್ತವೆ. ಕಂಪನಿಯ ಪರೀಕ್ಷೆಯಲ್ಲಿ ರಾಶಿ ಕೆಟ್ಟರೆ ಅವರ ನೀರಿನ ಪಾಳಿ, ಅವರ ದಾರ, ಅವರ ಸಂಜೆಗಳು ಎಲ್ಲ ಕೆಟ್ಟವು. ಕೆಡದೆ ದಾಟಿದರೆ ಯಾರದೋ ಊರಿನ ಹೊಲದಲ್ಲಿ ಮುಂದಿನ ವರ್ಷ ಅಡ್ಡಾದಿಡ್ಡಿ ಗಿಡ. ಅವರದ್ದನ್ನು ಬೇರೆ ಇಡಿಸಬೇಕೆಂದರೆ ಯಾಕೆ ಎಂದು ಹೇಳಬೇಕು. ಯಾಕೆ ಎಂದು ಹೇಳಿದರೆ ನನ್ನ ಸಹಿಯ ಕಥೆ ಹೇಳಬೇಕು.

ಅಧಿಕಾರಿ ಕಾರ್ಯಾಲಯದ ಮೆಟ್ಟಿಲ ಮೇಲೆ ಒಬ್ಬರೇ ಚಹಾ ಕುಡಿಯುತ್ತಿದ್ದರು.

"ಸರ, ಅದು ಸಾಫ್ಟ್‌ವೇರಿನ ತಪ್ಪಲ್ರಿ" ಎಂದೆ.

"ಗೊತ್ತೈತಿ. ಆಕಿ ದೋಷ ಅಂದಾಗ ನೀವು ಎದ್ದು ಹೇಳ್ತೀರೇನು ಅಂತ ನೋಡಾಕತ್ತಿದ್ದೆ. ನಕ್ಕೋಂತ ಕುಂತ್ರಿ." ಲೋಟ ಕೆಳಗಿಟ್ಟರು. "ಎಷ್ಟು ಹೊಲಕ್ಕ ಹೋಗೀರಿ?"

"ಎಂಟಕ್ಕ."

"ಸಹಿ?"

"ನಲವತ್ತಾರಕ್ಕ."

ಅವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಅನುಕೂಲವಿತ್ತು, ಸಿಟ್ಟಿನವರ ಹತ್ತಿರ ಮಾತು ಬೆಳೆಸಬಹುದು. ಎಂಟು ಯಾವುವು ಎಂದು ಕೇಳಿ ಬರೆದುಕೊಂಡರು. ರಸ್ತೆ ಬದಿಯ ಹೊಲಗಳನ್ನು ಹೂವಿನ ಕಾಲದಲ್ಲಿ ತಾವೂ ಇಳಿದು ನೋಡಿದ್ದರಂತೆ, ಅವು ನಡೆಯುತ್ತವೆ ಎಂದರು. ನಾನು ಹಳ್ಳದಾಚೆ ಅಕ್ಕಾರ ವಿಷಯ ತೆಗೆದೆ. ನೀರಿನ ಪಾಳಿ, ಗೋವಿನಜೋಳ, ಹಳ್ಳದ ದಂಡೆಯವನ ಕಾಕಾ, ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ನೀವು ಹೇಳೂದು ಖರೇ ಇರಬಹುದು. ಆದ್ರ ನಿಮ್ಮ ಮಾತಿನ ಮ್ಯಾಲೆ ನಾ ಹೆಂಗ ಬರ್ಕೊಳ್ಳಲಿ? ನಿಮ್ಮ ಸಹಿ ಆಕಿ ಹೊಲಕ್ಕೂ ಐತಿ, ಅವನ ಹೊಲಕ್ಕೂ ಐತಿ. ಎರಡೂ ಸಹಿ ಒಂದ ನಮೂನಿ ಅದಾವು."

"ಈಗ ಹೋಗಿ ನೋಡೂಣ್ರಿ ಸರ, ನನ್ನ ಗಾಡ್ಯಾಗ."

"ಏನ್ ನೋಡ್ತೀರಿ? ಬೆಳಿ ಕಿತ್ತಾರ. ಬಾಜೂದವನ ಗೋವಿನಜೋಳಾನೂ ಮುರದಾರ. ಕಪ್ಪು ಮಣ್ಣು ಏನ್ ಹೇಳ್ತೈತಿ?"

ಮೂವತ್ತೆಂಟು ಹೊಲದ ಬೀಜ ತಗೊಳ್ಳುವುದಿಲ್ಲ ಎಂದು ಅವರು ಅಲ್ಲೇ ಹೇಳಿದರು. ಮೂಲ ತಳಿ ಕಂಪನಿಯದಾದ್ದರಿಂದ ಹೊರಗೆ ಮಾರುವಂತೆಯೂ ಇಲ್ಲ. ಅವರ ಎದುರಿಗೇ ನಾಶ ಮಾಡಬೇಕು. ಒಳಗೆ ಎರಡನೇ ಗೋಷ್ಠಿಗೆ ಕರೆಯುತ್ತಿದ್ದರು. ನಾನು ಸಮಾವೇಶದವರು ಕೊಟ್ಟ ಚೀಲ ಅಲ್ಲೇ ಬಿಟ್ಟು ಗಾಡಿ ಹತ್ತಿದೆ.

ಮುಂದಿನ ಮೂರು ದಿನ ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ, ಚೌಕಾಸಿ. ಕಂಪನಿಯ ಹಾವೇರಿ ಕಚೇರಿಯ ಬೆಂಚಿನ ಮೇಲೆ ಕುಳಿತೆ. ಅಕ್ಕಾರ ಬೀಜವನ್ನಷ್ಟಾದರೂ ಪರೀಕ್ಷೆಗೆ ಬಿತ್ತಿ ನೋಡಿ ಎಂದೆ, ಅಂತರದ ಹಾಳೆ ಸುಳ್ಳಾದ ಬೀಜ ಪರೀಕ್ಷೆಗೇ ಹೋಗುವುದಿಲ್ಲ ಎಂದರು. ಪಕ್ಕದ ಹೊಲದವನನ್ನು ಕರೆತಂದು ಹೇಳಿಸಿದೆ, ಬಾಯಿಮಾತು ಬೇಡ ಎಂದರು. ಕೊನೆಗೆ ಕ್ರಾಸಿಂಗಿಗೆ ಬಂದ ಆಳುಗಳ ಕೂಲಿಯಷ್ಟನ್ನು ಮೂವತ್ತೆಂಟು ಮಂದಿಗೂ ಕಂಪನಿ ಕೊಡಬೇಕು, ಪ್ರತಿಯಾಗಿ ನಾನು ತಿರುಗಾಟದ ಭತ್ಯೆ ವಾಪಸು ಮಾಡಿ ಆರ್ಗನೈಸರ್ ಕೆಲಸ ಬಿಡಬೇಕು ಎಂಬಲ್ಲಿಗೆ ಬಂದು ನಿಂತಿತು. ಒಪ್ಪಿದೆ. ನಾನು ಗೆದ್ದೆ ಎಂದು ಎಲ್ಲೂ ಹೇಳಿಕೊಳ್ಳಲಾರದ ಚೌಕಾಸಿ ಅದೊಂದೇ.

ಮೆಣಸಿನಕಾಯಿ ಬೀಜ ಸುಟ್ಟರೆ ಊರೆಲ್ಲ ಕೆಮ್ಮಬೇಕಾಗುತ್ತದೆ. ಅದಕ್ಕೆ ಗೋದಾಮಿನ ಹಿಂದೆ ಗುಂಡಿ ತೋಡಿಸಿದೆವು. ಚೀಲ ಬಿಚ್ಚಿ ಸುರಿಯುವುದು, ಮೇಲೆ ಸಗಣಿ ನೀರು, ಮತ್ತೆ ಸುರಿಯುವುದು. ಅಧಿಕಾರಿ ಪಟ್ಟಿ ಹಿಡಿದು ಒಂದೊಂದೇ ಚೀಲಕ್ಕೆ ಗುರುತು ಹಾಕುತ್ತಿದ್ದರು. ರೈತರು ಕೆಲವರು ಬಂದಿದ್ದರು. ಹಳ್ಳದ ದಂಡೆಯವನು ಬಂದಿರಲಿಲ್ಲ. ಅಕ್ಕಾರು ಬಂದಿದ್ದರು. ಬೈಯುತ್ತಾರೆ ಎಂದು ಕಾಯುತ್ತಿದ್ದೆ. ತಮ್ಮ ಚೀಲದ ಸರದಿ ಬಂದಾಗ, "ತಡೀರಿ, ನಾನ ಸುರೀತೇನಿ" ಎಂದರು. ಬಿಚ್ಚಿದ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಬಿಸಿಲಿಗೆ ಹಿಡಿದು ನೋಡಿದರು. ಅಧಿಕಾರಿ ಮುಖ ಬೇರೆ ಕಡೆ ಮಾಡಿದರು.

"ಒಂದೂ ಜೊಳ್ಳಿಲ್ಲ ನೋಡ್ರಿ ಅಣ್ಣಾರ" ಎಂದು ಸುರಿದರು. ಕೈಯಲ್ಲಿದ್ದ ಹಿಡಿಯನ್ನೂ ಸುರಿದರು. ಅಂಗೈಯನ್ನು ಸೀರೆಗೆ ಒರೆಸಿಕೊಳ್ಳದೆ ಗುಂಡಿಯ ಮೇಲೆಯೇ ಝಾಡಿಸಿದರು, ಒಂದು ಬೀಜವೂ ಮನೆಗೆ ಹೋಗಬಾರದು ಎಂಬ ಹಾಗೆ.

ಆಮೇಲೆ ಒಂದು ದಿನ ಅವರ ಹೊಲಕ್ಕೆ ಹೋದೆ. ಹಳ್ಳ ದಾಟಿ ನಡೆಯಲು ಅರ್ಧ ತಾಸು ಹಿಡಿಯಿತು, ಅಷ್ಟೇ. ಬದುವಿನಲ್ಲಿ ಕಿತ್ತ ಗಿಡಗಳ ರಾಶಿ ಒಣಗಿತ್ತು. ಟೊಂಗೆಗಳಲ್ಲಿ ಕೆಂಪು, ಹಸಿರು ದಾರದ ತುಣುಕು ಇನ್ನೂ ಇದ್ದವು. ಪಕ್ಕದ ಹೊಲದಲ್ಲಿ ಗೋವಿನಜೋಳದ ಕೂಳೆ ಅಲ್ಲಲ್ಲಿ ಕಾಣುತ್ತಿತ್ತು. ನಡುವೆ ನಿಂತು ಫೋನು ತೆಗೆದು ಆ ಆಪ್ ತೆರೆದೆ. ನನ್ನನ್ನು ಅದರಿಂದ ತೆಗೆದುಹಾಕಿದ್ದರು. ಅಕ್ಕಾರು ಬೋರಿನ ಹತ್ತಿರ ನಿಂತು ನೋಡುತ್ತಿದ್ದರು.

"ಈಗ ಬಂದ್ರೇನ್ರಿ?" ಎಂದರು. ಚಹಾ ಕುಡಿಯಿರಿ ಎಂದು ಕರೆದರು. ಕುಡಿದು ಬಂದೆ. ಅವರು ಮತ್ತೆ ಬೀಜದ ಕೆಲಸ ಹಿಡಿಯಲಿಲ್ಲ. ಪಕ್ಕದವನಿಗೆ ಕೊಟ್ಟ ಎರಡು ಪಾಳಿ ನೀರು ವಾಪಸು ತೆಗೆದುಕೊಂಡಿದ್ದಾರೆ ಎಂದು ಯಾರೋ ಹೇಳಿದರು.

ಇದನ್ನು ಓದುವವರಲ್ಲಿ ನನ್ನಂತೆ ನಾಲ್ಕು ಊರಿನ ಕೆಲಸವನ್ನು ಒಂದು ಕಟ್ಟೆಯ ಮೇಲೆ ಮುಗಿಸುವ ಜಾಣರು ಇದ್ದೇ ಇರುತ್ತೀರಿ. ನಿಮಗೆ ನಾಲ್ಕು ಮಾತು. ಹೊಸ ಆಪ್ ಬಂದರೆ ಅದು ಏನು ಕೇಳುತ್ತದೆ ಎಂದಷ್ಟೇ ಅಲ್ಲ, ಕೇಳದೆ ಏನು ಬರೆದುಕೊಳ್ಳುತ್ತದೆ ಎಂದು ಮೊದಲು ವಿಚಾರಿಸಿ; ಒಂದು ಹೊಲ ತುಂಬಿ, ಕಳಿಸಿದವರ ಕಡೆ ಅದು ಹೇಗೆ ಕಾಣುತ್ತದೆ ಎಂದು ತೋರಿಸಿ ಎನ್ನಿ. ಯಾವುದಾದರೂ ಸಮಾವೇಶಕ್ಕೆ ಪುಕ್ಕಟೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ ಎಂದರೆ, ವೇದಿಕೆಯ ಮೇಲೆ ನನ್ನದು ಏನು ತೋರಿಸುತ್ತೀರಿ ಎಂದು ಹಿಂದಿನ ದಿನವೇ ಕೇಳಿ ತಿಳಿದುಕೊಳ್ಳಿ. ತಿರುಗಾಟದ ಭತ್ಯೆಯನ್ನು ತಿರುಗಿದ ಮೇಲೆ ತೆಗೆದುಕೊಳ್ಳಿ, ಮೊದಲೇ ಕೊಟ್ಟರೂ ಬೇಡ ಎನ್ನಿ. ಚೊಕ್ಕ ಕೆಲಸ ಮಾಡಿದವರ ಹಾಳೆಗೂ ಮಾಡದವರ ಹಾಳೆಗೂ ಒಂದೇ ಪೆನ್ನಿನಲ್ಲಿ ಸಹಿ ಮಾಡುವ ಮೊದಲು, ಇವರಲ್ಲಿ ಯಾರ ಪರವಾಗಿ ನಾಳೆ ನಾನು ಬಾಯಿ ಬಿಡಬೇಕಾಗಬಹುದು ಎಂದು ಯೋಚಿಸಿ. ಹೊಲ ದೂರವಿದ್ದರೆ, ಹಳ್ಳ ಅಡ್ಡ ಬಂದರೆ, ಗಾಡಿ ರಸ್ತೆಯಲ್ಲೇ ಬಿಟ್ಟು ನಡೆದು ಹೋಗಿ. ಬೆಳೆ ನಿಂತಿರುವಾಗಲೇ ಹೋಗಿ.